ಮೆಚ್ಚಿನ ರಾಕ್ ಬ್ಯಾಂಡ್ ಯಾವುದೆಂದು ಕೇಳುವವರಿಗೆ

ಬಹುಕಾಲದಿಂದ ರಾಕ್ ಸಂಗೀತ ಕೇಳುತ್ತ ಬಂದವನೆಂದು ತಿಳಿದೊಡನೆ ಎಲ್ಲರೂ ನನಗೆ ಹಾಕುವ ಪ್ರಶ್ನೆ ಒಂದೇ: ನಿಮ್ಮ ಮೆಚ್ಚಿನ ಬ್ಯಾಂಡ್ ಯಾವುದು, ಯಾವ ದಶಕದ ಹಾಡುಗಳು ನಿಮಗೆ ಇಷ್ಟ? ಲೆಡ್ ಜೆಪ್ಪೆಲಿನ್ ಎಂದರೆ ಸಾಕು, ರಾಬರ್ಟ್ ಪ್ಲಾಂಟ್‌ನ ಕಂಠಕ್ಕಾಗಿಯೋ ಜಿಮ್ಮಿ ಪೇಜ್‌ನ ಗಿಟಾರಿಗಾಗಿಯೋ ಎಂಬ ಮರುಪ್ರಶ್ನೆ ಬರುತ್ತದೆ. ಎರಡಕ್ಕೂ ಅಲ್ಲ, ಜಾನ್ ಬಾನಮ್‌ನ ಡ್ರಮ್ಸ್‌ಗಾಗಿ. ಯಾವ ರಾಕ್ ಹಾಡಿನಲ್ಲಾದರೂ ನನ್ನ ಕಿವಿ ಮೊದಲು ಹುಡುಕುವುದು ಡ್ರಮ್ಸ್ ಅನ್ನು. ಆ ಪೆಟ್ಟು ನನ್ನಿಂದ ಎಷ್ಟು ದೂರದಲ್ಲಿ ಬೀಳುತ್ತಿದೆ, ಅದರ ಸುತ್ತ ಎಂಥ ಕೋಣೆಯಿದೆ ಎಂಬುದು ತಿಳಿದ ಮೇಲೆಯೇ ಉಳಿದ ವಾದ್ಯಗಳೂ ಹಾಡಿನ ಮಾತುಗಳೂ ನನ್ನನ್ನು ತಲುಪುತ್ತವೆ. ಡ್ರಮ್ಮಿಗೂ ಮೈಕಿಗೂ ನಡುವಿನ ದೂರವನ್ನು ಪ್ರತಿಯೊಂದು ದಶಕವೂ ತನ್ನದೇ ರೀತಿಯಲ್ಲಿ ಇಟ್ಟುಕೊಂಡಿದೆ, ಮತ್ತು ನನ್ನ ಮೆಚ್ಚುಗೆಯೂ ತಕರಾರೂ ಆ ದೂರವನ್ನೇ ಕುರಿತವು.

1966ರ ಏಪ್ರಿಲ್‌ನಲ್ಲಿ ಬೀಟಲ್ಸ್ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ‘ರಿವಾಲ್ವರ್’ ಆಲ್ಬಮ್ಮಿನ ಧ್ವನಿಮುದ್ರಣ ಆರಂಭಿಸಿದಾಗ ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಇಪ್ಪತ್ತೇ ವರ್ಷ. ಕಾಲಿನಿಂದ ಬಾರಿಸುವ ದೊಡ್ಡ ಬಾಸ್ ಡ್ರಮ್ಮಿನ ಸಮೀಪಕ್ಕೆ ಮೈಕ್ ತರಬಾರದು, ಅದು ತಳ್ಳುವ ಗಾಳಿಗೆ ಮೈಕ್ ಕೆಡುತ್ತದೆ ಎಂಬುದು ಆ ಸ್ಟುಡಿಯೋದ ನಿಯಮವಾಗಿತ್ತು. ಆತ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ಮೈಕನ್ನು ಅದರ ಮುಖದ ಬಳಿಗೇ ಒಯ್ದು, ಬಂದ ಶಬ್ದವನ್ನು ಏರಿದ ಸದ್ದನ್ನು ಅದುಮುವ ಲಿಮಿಟರ್ ಎಂಬ ಸಾಧನದಲ್ಲಿ ಹಿಂಡಿ ದಪ್ಪಗೊಳಿಸಿದ. ಹೀಗೆ ಮೊದಲು ಮುದ್ರಣಗೊಂಡ ‘ಟುಮಾರೋ ನೆವರ್ ನೋಸ್’ ಹಾಡಿನಲ್ಲಿ ತಂಬೂರಿಯ ಶ್ರುತಿಯಿದೆ, ಸುತ್ತು ಹಾಕಿ ಓಡಿಸಿದ ಟೇಪ್ ತುಣುಕುಗಳ ಕೂಗಾಟವಿದೆ; ಆದರೆ ಅಷ್ಟನ್ನೂ ಹೊತ್ತು ನಡೆಯುವುದು ರಿಂಗೋ ಸ್ಟಾರ್ ಒಮ್ಮೆಯೂ ಬದಲಿಸದ ಒಂದೇ ನಡೆ. ರಿಂಗೋ ಸಾಧಾರಣ ವಾದಕ ಎನ್ನುವವರಿಗೆ ನಾನು ಈ ಹಾಡನ್ನು ಕೇಳಿಸುತ್ತೇನೆ. ಮೂರು ನಿಮಿಷದ ಕಾಲ ಬದಲಾಗದೆ ನಿಲ್ಲುವುದು ಸಣ್ಣ ಕೆಲಸವಲ್ಲ.

ಅದೇ ದಶಕದ ಇನ್ನಿಬ್ಬರನ್ನು ಬಿಡಲಾರೆ. ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ಜಾಝ್‌ನಿಂದ ಬಂದವನು. ಸ್ನೇರ್ ಎಂಬ ಚುರುಕು ದನಿಯ ಡ್ರಮ್ಮಿನ ಮೇಲೆ ಪೆಟ್ಟು ಬೀಳುವ ಗಳಿಗೆಯಲ್ಲಿ ಅವನ ಬಲಗೈ ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆಗಳನ್ನು ಬಾರಿಸದೆ ಮೇಲೇಳುತ್ತಿತ್ತು, ಆ ಒಂದು ಕ್ಷಣದ ಬಿಡುವಿನಿಂದಲೇ ಸ್ನೇರ್‌ನ ಪೆಟ್ಟು ಒಂಟಿಯಾಗಿ, ಸ್ಪಷ್ಟವಾಗಿ ಕೇಳುತ್ತದೆ. ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್‌ನ ಮೋ ಟಕರ್ ನಿಂತುಕೊಂಡೇ ಬಾರಿಸುತ್ತಿದ್ದಳು, ಬಾಸ್ ಡ್ರಮ್ಮನ್ನು ಮಗ್ಗುಲಿಗೆ ಮಲಗಿಸಿಕೊಂಡು, ಸಿಂಬಲ್ ಎಂಬ ಲೋಹದ ತಟ್ಟೆಗಳನ್ನು ಬಹುತೇಕ ಮುಟ್ಟದೆ.

ಇನ್ನು ನನ್ನ ಉತ್ತರದ ನಡುಮನೆ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಿದೆ, ಹಿಂದೊಮ್ಮೆ ಅದು ಬಡವರನ್ನು ದುಡಿಮೆಗೆ ಹಚ್ಚುವ ಆಶ್ರಯವಾಗಿತ್ತು. ತಮ್ಮ ನಾಲ್ಕನೆಯ ಆಲ್ಬಮ್ಮಿಗಾಗಿ ಲೆಡ್ ಜೆಪ್ಪೆಲಿನ್‌ನವರು ಅಲ್ಲಿ ತಂಗಿ, ಹೊರಗೆ ನಿಲ್ಲಿಸಿದ ವಾಹನದೊಳಗಿನ ಸಂಚಾರಿ ಸ್ಟುಡಿಯೋದಲ್ಲಿ ಹಾಡುಗಳನ್ನು ಮುದ್ರಿಸಿಕೊಂಡರು. ‘ವೆನ್ ದ ಲೆವಿ ಬ್ರೇಕ್ಸ್’ ಹಾಡಿಗಾಗಿ ಬಾನಮ್‌ನ ಡ್ರಮ್ಸ್ ಅನ್ನು ಕೆಳಗಿನ ಹಜಾರದಲ್ಲಿ, ಮೆಟ್ಟಿಲುಗಳ ತಳದಲ್ಲಿ ಇರಿಸಲಾಯಿತು. ಎಂಜಿನಿಯರ್ ಆಂಡಿ ಜಾನ್ಸ್ ಮೇಲಿನ ಅಂತಸ್ತಿನಿಂದ ಎರಡೇ ಮೈಕುಗಳನ್ನು ಕೆಳಮುಖವಾಗಿ ಇಳಿಬಿಟ್ಟ. ಎಮೆರಿಕ್ ಮೈಕನ್ನು ಡ್ರಮ್ಮಿನ ಬಾಯಿಗೇ ಹಿಡಿದಿದ್ದರೆ ಜಾನ್ಸ್ ಅದನ್ನು ದೂರಕ್ಕೆ ಒಯ್ದ, ಪೆಟ್ಟಿನ ಜೊತೆಗೆ ಗೋಡೆ, ಮೆಟ್ಟಿಲು, ಎತ್ತರದ ಛಾವಣಿ ಎಲ್ಲವೂ ಮಾರ್ದನಿಗೊಟ್ಟು ಟೇಪಿನೊಳಗೆ ಇಳಿದವು. ಹಾಡು ಮೂಲದಲ್ಲಿ ಮೆಂಫಿಸ್ ಮಿನ್ನಿ ಮತ್ತು ಕಾನ್ಸಾಸ್ ಜೋ ಮೆಕಾಯ್ 1929ರಲ್ಲಿ ಮುದ್ರಿಸಿದ ಬ್ಲೂಸ್, 1927ರಲ್ಲಿ ಮಿಸಿಸಿಪ್ಪಿ ನದಿ ಒಡ್ಡು ಒಡೆದು ಊರುಗಳನ್ನು ನುಂಗಿದ ಪ್ರವಾಹದ ನೆನಪು. ಆ ಪ್ರವಾಹ ನನಗೆ ಕಾಣಿಸುವುದು ಹಾಡಿನ ಮಾತುಗಳಿಗಿಂತ ಮೊದಲು ಬಾನಮ್‌ನ ಬಾಸ್ ಡ್ರಮ್ಮಿನಲ್ಲಿ. ಅದು ಅವಸರವಿಲ್ಲದೆ ಬರುತ್ತದೆ, ತಡೆಯಲಾಗದಂತೆ ಬರುತ್ತದೆ. 1980ರ ಸೆಪ್ಟೆಂಬರ್ 25ರಂದು ಬಾನಮ್ ತೀರಿಕೊಂಡ. ಉಳಿದ ಮೂವರು ಅದೇ ಡಿಸೆಂಬರ್‌ನಲ್ಲಿ ಬ್ಯಾಂಡನ್ನು ಮುಗಿಸಿದರು, ಬೇರೊಬ್ಬನನ್ನು ಆ ಜಾಗಕ್ಕೆ ತಂದುಕೊಳ್ಳಲಿಲ್ಲ. ಅವರ ಎಲ್ಲ ನಿರ್ಧಾರಗಳ ಪೈಕಿ ನಾನು ಹೆಚ್ಚು ಗೌರವಿಸುವುದು ಇದನ್ನೇ.

ಎಪ್ಪತ್ತರ ದಶಕದ ಮುಂದಿನ ವರ್ಷಗಳ ಅನೇಕ ದೊಡ್ಡ ಆಲ್ಬಮ್‌ಗಳಲ್ಲಿ ಡ್ರಮ್ಸ್ ನೆಲಕ್ಕೂ ಗೋಡೆಗೂ ಬಟ್ಟೆ ಹೊದಿಸಿದ ಕೋಣೆಯಲ್ಲಿ ಬಾರಿಸಿದಂತೆ ಒಣಗಿ ಕೇಳುತ್ತವೆ. ಹಾಡುಗಳು ಚೆನ್ನಾಗಿದ್ದರೂ ನನಗೆ ಅಲ್ಲಿ ಉಸಿರು ಸಾಲದು. 1976ರಲ್ಲಿ ರಮೋನ್ಸ್ ಬ್ಯಾಂಡ್ ಅರ್ಧ ಗಂಟೆಯೊಳಗೆ ಹದಿನಾಲ್ಕು ಹಾಡುಗಳನ್ನು ಮುಗಿಸಿದ ಮೊದಲ ಆಲ್ಬಮ್ ಕಿಟಕಿ ತೆರೆದಂತಿತ್ತು.

1980ರಲ್ಲಿ ಹೊರಬಂದ ಪೀಟರ್ ಗೇಬ್ರಿಯಲ್‌ನ ಮೂರನೆಯ ಆಲ್ಬಮ್ಮಿಗೆ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಫಿಲ್ ಕಾಲಿನ್ಸ್ ಡ್ರಮ್ಸ್ ಬಾರಿಸುತ್ತಿದ್ದ. ಸ್ಟುಡಿಯೋದೊಳಗಿನ ವಾದಕರ ಮಾತು ಎಂಜಿನಿಯರ್‌ಗೆ ಕೇಳಲೆಂದು ಛಾವಣಿಯಲ್ಲಿದ್ದ ಒಂದು ಮೈಕ್ ಸಣ್ಣ ಶಬ್ದವನ್ನು ಎತ್ತಿ, ದೊಡ್ಡದನ್ನು ಅದುಮುತ್ತಿತ್ತು. ಅದರೊಳಗಿಂದ ಡ್ರಮ್ಸ್ ಭೀಕರವಾಗಿ ಕೇಳಿಸಿದಾಗ ಎಂಜಿನಿಯರ್ ಹ್ಯೂ ಪ್ಯಾಡ್‌ಹ್ಯಾಮ್ ಅದನ್ನೇ ಬಳಸಿಕೊಂಡ. ಜೊತೆಗೆ ಗೇಟ್ ಎಂಬ ಸಾಧನ ಸೇರಿತು. ಶಬ್ದ ಒಂದು ಮಟ್ಟಕ್ಕಿಂತ ಕೆಳಗಿಳಿದೊಡನೆ ಅದು ಬಾಗಿಲು ಹಾಕಿದಂತೆ ಮಾರ್ದನಿಯನ್ನು ಕಡಿದುಬಿಡುತ್ತದೆ. 1981ರಲ್ಲಿ ಕಾಲಿನ್ಸ್‌ನ ‘ಇನ್ ದಿ ಏರ್ ಟುನೈಟ್’ ಹಾಡಿನಲ್ಲಿ ಮೂರೂವರೆ ನಿಮಿಷಕ್ಕೂ ಹೆಚ್ಚು ಕಾಯಿಸಿ ಡ್ರಮ್ಸ್ ಸಿಡಿಯುವ ಗಳಿಗೆ ಇಂದಿಗೂ ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತದೆ. ನನ್ನ ತಕರಾರು ಆ ಹಾಡಿನ ಮೇಲಲ್ಲ. ಆಮೇಲಿನ ಹತ್ತು ವರ್ಷ ಬೇಕಿದ್ದಲ್ಲಿ ಬೇಡದಲ್ಲಿ ಎಲ್ಲರೂ ಅದೇ ಕಡಿದ ಮಾರ್ದನಿಯನ್ನು ಅಂಟಿಸಿದರು, ಕೋಣೆ ದೊಡ್ಡದೆಂದು ಹೇಳಿ ಮರುಕ್ಷಣವೇ ಇಲ್ಲವೆನ್ನುವ ಆ ನಾದ ಬಹುಬೇಗ ದಣಿಸುತ್ತದೆ. ಆ ದಶಕದಲ್ಲಿ ನಾನು ಮರಳಿ ಹೋಗುವುದು ಪೊಲೀಸ್ ಬ್ಯಾಂಡಿನ ಸ್ಟೂವರ್ಟ್ ಕೋಪ್‌ಲ್ಯಾಂಡ್‌ನ ಹೈ-ಹ್ಯಾಟ್ ಬಳಿಗೆ. 1984ರ ಕೊನೆಯ ದಿನ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡ ಡೆಫ್ ಲೆಪ್ಪರ್ಡ್‌ನ ರಿಕ್ ಆಲನ್ ಕಾಲಿನ ಪೆಡಲ್‌ಗಳಿಂದ ಆ ಕೈಯ ಕೆಲಸ ಮಾಡಿಸಿಕೊಂಡು ವೇದಿಕೆಗೆ ಮರಳಿದ್ದನ್ನೂ ನಾನು ಮರೆತಿಲ್ಲ.

ತೊಂಬತ್ತರ ದಶಕಕ್ಕೆ ನನ್ನ ಉತ್ತರ ಎಲ್ಲರ ಉತ್ತರವೇ: 1991ರ ನಿರ್ವಾಣ ಬ್ಯಾಂಡ್. ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡಿಗೆ ಬಾಗಿಲು ತೆರೆಯುವ ಜೋಡಿಪೆಟ್ಟುಗಳನ್ನು ತಾನು ಹಳೆಯ ಫಂಕ್ ಮತ್ತು ಡಿಸ್ಕೋ ವಾದಕರಿಂದ ಎತ್ತಿಕೊಂಡೆನೆಂದು ಅದರ ಡ್ರಮ್ ವಾದಕ ಡೇವ್ ಗ್ರೋಲ್ ತಾನೇ ಹೇಳಿಕೊಂಡಿದ್ದಾನೆ. ರಾಕ್ ಅಭಿಮಾನಿಗಳು ಒಂದು ಕಾಲದಲ್ಲಿ ದ್ವೇಷಿಸಿದ ಸಂಗೀತದಿಂದಲೇ ಅದು ಬಂದದ್ದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ವೈಟ್ ಸ್ಟ್ರೈಪ್ಸ್ ಬ್ಯಾಂಡಿನ 2003ರ ‘ಸೆವೆನ್ ನೇಷನ್ ಆರ್ಮಿ’ ಹಾಡಿನಲ್ಲಿ ಬಾಸ್ ಗಿಟಾರೇ ಇಲ್ಲ, ಜ್ಯಾಕ್ ವೈಟ್ ತನ್ನ ಗಿಟಾರನ್ನೇ ಪೆಡಲ್ ಮೂಲಕ ಒಂದು ಸ್ಥಾಯಿ ಕೆಳಗಿಳಿಸಿ ನುಡಿಸಿದ್ದಾನೆ. ಕ್ರೀಡಾಂಗಣಗಳು ಇಂದಿಗೂ ಹಾಡುವುದು ಆ ಗಿಟಾರಿನ ಸ್ವರಗಳನ್ನು. ನನಗೆ ಬೇಕಾದದ್ದು ಅದರ ಕೆಳಗೆ ಮೆಗ್ ವೈಟ್ ಡ್ರಮ್ಸ್‌ನಲ್ಲಿ ಒಂದೇ ಸಮನೆ ಇಡುವ ಹೆಜ್ಜೆ. ಆಕೆಗೆ ಬಾರಿಸಲು ಬರುವುದಿಲ್ಲ ಎಂದವರು ಬಹಳ. ಮೋ ಟಕರ್ ಬಗ್ಗೆಯೂ ಜನ ಹಾಗೆಯೇ ಅಂದಿದ್ದರು.

ಇಷ್ಟೆಲ್ಲ ಕೇಳಿದ ಮೇಲೂ ಒಂದೇ ಒಂದು ಹಾಡು ಹೇಳಿ ಎನ್ನುವವರಿಗೆ ಹೆಡ್ಲಿ ಗ್ರೇಂಜ್‌ನ ಮೆಟ್ಟಿಲುಗಳ ಕೆಳಗಿನ ಹಾಡನ್ನೇ ಹಾಕುತ್ತೇನೆ. ಅದರಲ್ಲಿ ಪ್ಲಾಂಟ್ ಮೊದಲ ಮಾತು ಹಾಡುವುದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಮತ್ತು ನಾನು ಮೆಚ್ಚಿದ್ದು ಏನೆಂದು ಆ ಒಂದು ನಿಮಿಷದಲ್ಲೇ ಕೇಳಿಸಿರುತ್ತದೆ.