ಔದ್ ಮೇಥಾದ ಆ ಭಾನುವಾರ

2023ರ ಫೆಬ್ರವರಿ 5, ಭಾನುವಾರ. ದುಬೈನ ಕರಾಮಾದಲ್ಲಿರುವ ನನ್ನ ಕೋಣೆಯಲ್ಲಿ ವಾರದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತ ನಿಂತಿದ್ದಾಗ, ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ನನ್ನ ಸಹೋದ್ಯೋಗಿಯ ಫೋನು ಬಂತು. ಕರಾಚಿಯವರಾದ ಅವರು ನನಗಿಂತ ಹನ್ನೆರಡು ವರ್ಷ ಹಿರಿಯರು. ನಾನು ಅವರನ್ನು ಭಾಯ್ ಸಾಹೇಬ್ ಎಂದೇ ಕರೆಯುವುದು. "ಮುಷರಫ್ ಸಾಹೇಬರು ತೀರಿಕೊಂಡರಂತೆ. ಇಲ್ಲೇ, ಅಮೆರಿಕನ್ ಆಸ್ಪತ್ರೆಯಲ್ಲಿ. ನಾನೊಮ್ಮೆ ಹೋಗಿ ಬರಬೇಕೆಂದಿದ್ದೇನೆ, ನೀವೂ ಬರುತ್ತೀರಾ?" ಎಂದರು. ಇಸ್ತ್ರಿಪೆಟ್ಟಿಗೆ ಕೈಯಲ್ಲಿದ್ದುದು ಮರೆತೇಹೋಗಿತ್ತು. ಅಂಗಿಯ ತೋಳು ಸೀದ ವಾಸನೆ ಮೂಗಿಗೆ ಬಡಿದಾಗಲೇ ನನಗೆ ಎಚ್ಚರವಾದದ್ದು.

ಬರುತ್ತೇನೆ ಎನ್ನಲು ನನಗೆ ಅಷ್ಟು ಹೊತ್ತು ಹಿಡಿದದ್ದಕ್ಕೆ ಕಾರಣವಿದೆ. ಬೆಳಗಾವಿ ಜಿಲ್ಲೆಯ ನಮ್ಮ ಊರಿನಲ್ಲಿ ಸೈನ್ಯಕ್ಕೆ ಸೇರದ ಮನೆಗಳು ಕಡಿಮೆ. ನನ್ನ ದೊಡ್ಡಪ್ಪನ ಮಗ ಫಿರಂಗಿ ದಳದಲ್ಲಿದ್ದ. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ದ್ರಾಸ್‌ನಲ್ಲಿ ಬೊಫೋರ್ಸ್ ತೋಪುಗಳ ಪಕ್ಕದಲ್ಲಿ ಹಗಲುರಾತ್ರಿ ನಿಂತು ಊರಿಗೆ ಬಂದಾಗ ಅವನ ಎಡಗಿವಿ ಪೂರ್ತಿ ಕೇಳಿಸುತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೂ ಯಾರಾದರೂ ಮಾತನಾಡಿಸಿದರೆ ಅಣ್ಣ ಮೊದಲು ಮುಖವನ್ನು ಎಡಕ್ಕೆ ಹೊರಳಿಸಿ, ಬಲಗಿವಿಯನ್ನು ಮುಂದೆ ಮಾಡುತ್ತಾನೆ. ನನ್ನ ಪಾಲಿಗೆ ಪರ್ವೇಜ್ ಮುಷರಫ್ ಎಂದರೆ ಆ ಹೊರಳುವಿಕೆಯೇ ಆಗಿತ್ತು. ಆ ವರ್ಷದ ಫೆಬ್ರವರಿಯಲ್ಲಿ ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರಿಗೆ ಹೋಗಿ ಕೈಕುಲುಕಿ ಬಂದ ಮೇಲೂ ಹಿಮದ ಶಿಖರಗಳಿಗೆ ಸೈನಿಕರನ್ನು ಹತ್ತಿಸಿದ ಪಾಕಿಸ್ತಾನದ ಸೇನಾ ಮುಖ್ಯಸ್ಥ ಎಂಬುದರಾಚೆಗೆ ಆ ಮನುಷ್ಯನ ವಿಷಯದಲ್ಲಿ ತಿಳಿಯಬೇಕೆಂಬ ಮನಸ್ಸೇ ನನಗೆ ಎಂದೂ ಆಗಿರಲಿಲ್ಲ.

ಆದರೂ ಹೋದೆ. ಭಾಯ್ ಸಾಹೇಬರು ಒಬ್ಬರೇ ಹೋಗುವುದು ನನಗೆ ಸರಿಕಾಣಲಿಲ್ಲ.

ಕರಾಮಾದಿಂದ ಔದ್ ಮೇಥಾಕ್ಕೆ ನಡೆದೇ ಹೋಗಬಹುದು. ಫೆಬ್ರವರಿಯ ಬಿಸಿಲು ಹಿತವಾಗಿತ್ತು. ದಾರಿಯುದ್ದಕ್ಕೂ ಅವರು ತಮ್ಮ ತಂದೆಯ ಕಥೆಯನ್ನೇ ಹೇಳಿದರು. 1947ರಲ್ಲಿ ಹಳೆಯ ದಿಲ್ಲಿಯ ಮನೆಗೆ ಬೀಗ ಹಾಕಿ, ಒಂದೆರಡು ತಿಂಗಳಲ್ಲಿ ಮರಳುತ್ತೇವೆಂದು ನಂಬಿ ಕರಾಚಿಗೆ ಹೋದ ಕುಟುಂಬ ಅವರದು. ಮುಷರಫ್ ಅವರದೂ ಹೆಚ್ಚುಕಡಿಮೆ ಅದೇ ಕಥೆ. ದಿಲ್ಲಿಯ ದರಿಯಾಗಂಜ್‌ನ ನೆಹರ್‌ವಾಲಿ ಹವೇಲಿಯಲ್ಲಿ 1943ರ ಆಗಸ್ಟ್ 11ರಂದು ಹುಟ್ಟಿದವರು, ನಾಲ್ಕು ತುಂಬುವ ಹೊತ್ತಿಗೆ ಕರಾಚಿ. ತಂದೆಗೆ ವಿದೇಶಾಂಗ ಇಲಾಖೆಯ ಕೆಲಸವಾದ್ದರಿಂದ ಬಾಲ್ಯದ ಏಳು ವರ್ಷ ಟರ್ಕಿಯ ಅಂಕಾರಾ. ಬಹುತೇಕ ಪಂಜಾಬಿಗಳೂ ಪಠಾಣರೂ ತುಂಬಿದ್ದ ಸೈನ್ಯದಲ್ಲಿ, ವಲಸೆ ಬಂದ ಉರ್ದು ಮನೆತನದ ಒಬ್ಬ ಹುಡುಗ ಮೇಲೇರಿದ್ದು ಕರಾಚಿಯ ಮುಹಾಜಿರರಿಗೆ ಎಂಥ ಹೆಮ್ಮೆಯ ಸಂಗತಿಯಾಗಿತ್ತೆಂಬುದನ್ನು ಭಾಯ್ ಸಾಹೇಬರ ದನಿಯಲ್ಲಿಯೇ ಕೇಳಬೇಕು. 2001ರ ಜುಲೈನಲ್ಲಿ, ಆಗ್ರಾದ ಮಾತುಕತೆಗೆ ಮುನ್ನ, ಮುಷರಫ್ ದಂಪತಿ ಆ ಹವೇಲಿಗೆ ಭೇಟಿ ಕೊಟ್ಟಾಗ ಭಾಯ್ ಸಾಹೇಬರ ತಂದೆ ಟಿವಿಯ ಮುಂದೆ ಕೂತು, ಆ ಗಲ್ಲಿಗಳಲ್ಲಿ ತಮ್ಮ ಮನೆಯ ಬಾಗಿಲು ಎಲ್ಲಾದರೂ ಕಂಡೀತೇ ಎಂದು ಕಣ್ಣು ಮಿಟುಕಿಸದೆ ನೋಡಿದ್ದರಂತೆ. ಕಾಣಲಿಲ್ಲ. ಆಗ್ರಾದ ಮಾತುಕತೆಯೂ ಜಂಟಿ ಹೇಳಿಕೆಯಿಲ್ಲದೆ ಮುರಿದುಬಿತ್ತು.

ಆಸ್ಪತ್ರೆಯ ಎದುರು ನೋಡಲು ಏನೂ ಇರಲಿಲ್ಲ. ಒಂಬತ್ತು ವರ್ಷ ಒಂದು ದೇಶವನ್ನು ಆಳಿದವರು ಒಳಗೆ ಶವವಾಗಿದ್ದಾರೆಂಬುದಕ್ಕೆ ಹೊರಗೆ ಒಂದು ಗುರುತೂ ಇಲ್ಲ. ಕಾರುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅಮೈಲಾಯ್ಡೋಸಿಸ್ ಎಂಬ, ಅಂಗಾಂಗಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬರುವ ವಿರಳ ಕಾಯಿಲೆ ಅವರಿಗಿತ್ತು. 2016ರ ಮಾರ್ಚ್‌ನಲ್ಲಿ ಚಿಕಿತ್ಸೆಗೆಂದು ದುಬೈಗೆ ಬಂದವರು ಮತ್ತೆ ಊರು ಕಾಣಲಿಲ್ಲ. ಭಾಯ್ ಸಾಹೇಬರು ಕಾಲುದಾರಿಯಲ್ಲೇ ನಿಂತು ಅಂಗೈಗಳನ್ನು ಮೇಲೆತ್ತಿ ಫಾತಿಹಾ ಓದಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ನನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮರಳುವಾಗ, ನಾವು ದಿನವೂ ಚಹಾ ಕುಡಿಯುವ ಕೆಫೆಟೇರಿಯಾಕ್ಕೆ ಹೋದೆವು. ಅಲ್ಲಿ ಪರೋಟ ಬೇಯಿಸುವ ಹುಡುಗ ಪಾಕಿಸ್ತಾನದ ಉತ್ತರ ತುದಿಯ ಚಿತ್ರಾಲದವನು. ಮಾತು ಬಹಳ ಕಡಿಮೆ. ಆ ದಿನ ಅವನ ಕಣ್ಣು ಕೆಂಪಾಗಿದ್ದವು. ಒಲೆಯ ಹೊಗೆಯಿರಬೇಕೆಂದುಕೊಂಡೆ, ಅಲ್ಲವಂತೆ. "ನಮಗೆ ಲೊವಾರಿ ಕೊಟ್ಟವರು ಅವರು" ಎಂದ.

ಆ ಮಾತಿನ ಅರ್ಥವನ್ನು ಅವನಿಂದ ತಿಳಿದುಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಅಂದಿನ ದಿನದಲ್ಲಿ ನಾನು ಅತ್ಯಂತ ಗಮನವಿಟ್ಟು ಕೇಳಿದ್ದು ಅದನ್ನೇ. ಚಿತ್ರಾಲವನ್ನು ಪಾಕಿಸ್ತಾನದ ಉಳಿದ ಭಾಗಕ್ಕೆ ಸೇರಿಸುವ ಲೊವಾರಿ ಕಣಿವೆಮಾರ್ಗ 10,000 ಅಡಿಗೂ ಎತ್ತರದಲ್ಲಿದೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ತಿಂಗಳುಗಟ್ಟಲೆ ಮುಚ್ಚಿದರೆ, ತಮ್ಮದೇ ದೇಶದ ಪೇಶಾವರಕ್ಕೆ ಹೋಗಲು ಅಲ್ಲಿಯ ಜನ ಅಫ್ಘಾನಿಸ್ತಾನದ ಕುನಾರ್ ಸೀಮೆಯನ್ನು ಹಾದುಹೋಗಬೇಕಿತ್ತು. ಇಲ್ಲವೇ ಹಿಮದಲ್ಲಿ ನಡೆದು ಕಣಿವೆ ದಾಟುವ ಸಾಹಸ ಮಾಡಬೇಕಿತ್ತು. ಭುಟ್ಟೋ ಕಾಲದಲ್ಲಿ, 1975ರಲ್ಲಿ ಶುರುವಾದ ಸುರಂಗದ ಕೆಲಸ ಎರಡೇ ವರ್ಷಕ್ಕೆ ನಿಂತುಹೋಗಿ, ಮತ್ತೆ ಆರಂಭವಾದದ್ದು 2005ರಲ್ಲಿ, ಮುಷರಫ್ ಅಧ್ಯಕ್ಷರಾಗಿದ್ದಾಗ. ಸುಮಾರು 8.5 ಕಿಲೋಮೀಟರ್ ಉದ್ದದ ಆ ಸುರಂಗವನ್ನು 2017ರಲ್ಲಿ ಉದ್ಘಾಟಿಸಿದವರು ಅವರ ಕಡುವೈರಿ ನವಾಜ್ ಷರೀಫ್. ಆದರೆ ಹುಡುಗನ ಅಜ್ಜ, ದಾರಿ ಮುಚ್ಚಿದ್ದ ಒಂದು ಚಳಿಗಾಲದಲ್ಲಿ ಆಸ್ಪತ್ರೆ ಕಾಣದೆ ಸತ್ತವರು. ಕಲ್ಲು ಕೊರೆಯುವ ಯಂತ್ರವನ್ನು ಕಳುಹಿಸಿದವರು ಯಾರೆಂಬುದನ್ನು ಆ ಮನೆ ಮರೆಯಲಿಲ್ಲ.

ಇದನ್ನು ಕೇಳಿದಾಗ ಒಂದು ಸಂಗತಿ ನನಗೆ ನಿಚ್ಚಳವಾಯಿತು. ಮುಷರಫ್ ರಾಜಕಾರಣಿಯಾಗಲು ಹೊರಟು, 2010ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಆಲ್ ಪಾಕಿಸ್ತಾನ್ ಮುಸ್ಲಿಂ ಲೀಗ್ ಎಂಬ ಪಕ್ಷ ಕಟ್ಟಿದರು. ಇದೇ ದುಬೈನಿಂದ 2013ರ ಮಾರ್ಚ್ 24ರಂದು ಕರಾಚಿಗೆ ಹಾರಿ, ದೇಶವನ್ನು ಉಳಿಸಲು ಬಂದಿದ್ದೇನೆ ಎಂದರು. ನಾಮಪತ್ರಗಳು ತಿರಸ್ಕೃತವಾದವು, ಮನೆಯೇ ಸೆರೆಮನೆಯಾಯಿತು. ಆ ವರ್ಷದ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ರಾಷ್ಟ್ರೀಯ ಅಸೆಂಬ್ಲಿಯಲ್ಲಿ ಸಿಕ್ಕಿದ್ದು ಒಂದೇ ಸ್ಥಾನ: ಚಿತ್ರಾಲ. ಅಧ್ಯಕ್ಷರಾಗಿ ಮುಂದುವರಿಯಲು ಅವರು ನಡೆಸಿದ 2002ರ ಜನಮತಗಣನೆಯಲ್ಲಿ ಬಿದ್ದವೆಂದು ತೋರಿಸಿದ ಕೋಟಿಗಟ್ಟಲೆ ಮತಗಳಲ್ಲಿ ಒಂದನ್ನೂ ನಾನು ನಂಬಲಾರೆ. ಚಿತ್ರಾಲದ ಮತಗಳನ್ನು ನಂಬುತ್ತೇನೆ. ಅವು ಸಮವಸ್ತ್ರಕ್ಕೆ ಹೆದರಿ ಬಿದ್ದವಲ್ಲ, ಅಧಿಕಾರ ಹೋಗಿ ಸುಮಾರು ಐದು ವರ್ಷಗಳಾದ ಮೇಲೆ ಬಿದ್ದವು.

ಭಾಯ್ ಸಾಹೇಬರು ಚಹಾದ ಲೋಟವನ್ನು ತಿರುಗಿಸುತ್ತ ಕುಳಿತಿದ್ದರು. ತಮ್ಮ ಲೆಕ್ಕವೇ ಬೇರೆ ಎಂದರು. 1999ರ ಅಕ್ಟೋಬರ್ 12ರ ಸಂಜೆ, ಕೊಲಂಬೊದಿಂದ ಬರುತ್ತಿದ್ದ ಮುಷರಫ್ ಇನ್ನೂ ಆಕಾಶದಲ್ಲಿದ್ದಾಗಲೇ, ಪ್ರಧಾನಿಯಾಗಿದ್ದ ಷರೀಫ್ ಅವರು ಮುಷರಫ್ ಅವರನ್ನು ಸೇನಾ ಮುಖ್ಯಸ್ಥನ ಹುದ್ದೆಯಿಂದ ತೆಗೆದರು. 198 ಜನರಿದ್ದ ಆ ವಿಮಾನಕ್ಕೆ ಕರಾಚಿಯಲ್ಲಿ ಇಳಿಯಲು ಅನುಮತಿ ನಿರಾಕರಿಸಲಾಯಿತು. ಸೇನೆ ನಿಲ್ದಾಣವನ್ನು ವಶಪಡಿಸಿಕೊಂಡ ಮೇಲೆ ಅದು ಇಳಿದಾಗ ಉಳಿದಿದ್ದುದು ಕೆಲವೇ ನಿಮಿಷಗಳ ಇಂಧನ. ಅಂದೇ ದೇಶದ ಅಧಿಕಾರ ಮುಷರಫ್ ಅವರ ಕೈಸೇರಿತು. ಮರುದಿನ ಭಾಯ್ ಸಾಹೇಬರು ತಮ್ಮ ಬೀದಿಯಲ್ಲಿ ಮಿಠಾಯಿ ಹಂಚಿದ್ದರಂತೆ. "ನಮ್ಮ ಊರಿನವನು ಬಂದ ಎಂದುಕೊಂಡೆವು" ಎಂದರು.

ಅದೇ ಭಾಯ್ ಸಾಹೇಬರು 2007ರ ಮೇ 12ರಂದು, ಅಲುಗಾಡಲೂ ಆಗದ ಕಂಟೇನರುಗಳಿಂದ ಮುಚ್ಚಿದ್ದ ಕರಾಚಿಯ ರಸ್ತೆಯೊಂದರಲ್ಲಿ, ಸ್ಕೂಟರ್ ಬಿಟ್ಟು ಒಂದು ಔಷಧ ಅಂಗಡಿಯ ಶಟರಿನ ಹಿಂದೆ ಐದು ಗಂಟೆ ಕುಳಿತಿದ್ದರು. ಮಾರ್ಚ್ 9ರಂದು ಮುಷರಫ್ ಅಮಾನತುಗೊಳಿಸಿದ್ದ ಮುಖ್ಯ ನ್ಯಾಯಮೂರ್ತಿ ಇಫ್ತಿಕಾರ್ ಚೌಧರಿ ಅಂದು ನಗರಕ್ಕೆ ಬರುವವರಿದ್ದರು. ಹೊರಗೆ ನಡೆದ ಗುಂಡಿನ ಕಾಳಗದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅಂಗಡಿಯ ಪುಟ್ಟ ಟಿವಿಯಲ್ಲಿ ಅದೆಲ್ಲವೂ ನೇರಪ್ರಸಾರವಾಗುತ್ತಿತ್ತು. ಆ ಖಾಸಗಿ ವಾಹಿನಿಗಳಿಗೆ ಬಾಗಿಲು ತೆರೆದವರೂ ಮುಷರಫ್ ಅವರೇ. ರಾತ್ರಿ ಅದೇ ಟಿವಿಯಲ್ಲಿ, ಇಸ್ಲಾಮಾಬಾದಿನ ಸಭೆಯೊಂದರಲ್ಲಿ ಅವರು ಜನಶಕ್ತಿಯ ಬಗ್ಗೆ ಮಾತನಾಡುತ್ತಿದ್ದುದು ಕಂಡಿತು. "ಆ ರಾತ್ರಿಯೇ ಪಾಸ್‌ಪೋರ್ಟ್ ಎಲ್ಲಿದೆಯೆಂದು ಹುಡುಕಿದೆ" ಎಂದರು ಭಾಯ್ ಸಾಹೇಬರು. ವರ್ಷದ ಕೊನೆಗೆ ಅವರು ದುಬೈ ಸೇರಿದರು.

ನನಗೆ ಅನ್ನಿಸುವುದಿಷ್ಟು: ಶಿಖರವನ್ನು ಹಿಡಿಯುವುದು ಹೇಗೆಂದು ಸೇನೆಯಲ್ಲಿ ಕಮಾಂಡೋ ಆಗಿದ್ದ ಮುಷರಫ್ ಅವರಿಗೆ ಗೊತ್ತಿತ್ತು, ಹಿಡಿದ ಮೇಲೆ ಏನು ಎಂಬುದು ಗೊತ್ತಿರಲಿಲ್ಲ. ಕಾರ್ಗಿಲ್‌ನಲ್ಲೂ ಹಾಗೆಯೇ, ನ್ಯಾಯಮೂರ್ತಿಯನ್ನು ಕೆಣಕಿದಾಗಲೂ ಹಾಗೆಯೇ. ಎದುರಿನವರು ಹಿಂದೆ ಸರಿಯಲಾರರು ಎಂಬ ಸಾಧ್ಯತೆಯನ್ನು ಅವರು ಎರಡೂ ಸಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2007ರ ನವೆಂಬರ್ 3ರಂದು ತುರ್ತು ಪರಿಸ್ಥಿತಿ ಹೇರಿದರು. ತಮ್ಮ ಎರಡನೆಯ ಚರ್ಮವೆಂದೇ ಹೇಳಿಕೊಳ್ಳುತ್ತಿದ್ದ ಸಮವಸ್ತ್ರವನ್ನು 28ರಂದು ಕಳಚಿದರು. ಅದಾಗಿ ಒಂಬತ್ತು ತಿಂಗಳು ತುಂಬುವ ಮೊದಲೇ, 2008ರ ಆಗಸ್ಟ್ 18ರಂದು, ಅಧ್ಯಕ್ಷ ಪದವಿಯನ್ನೂ ಬಿಡಬೇಕಾಯಿತು.

ಸಂಜೆ ಅಣ್ಣನಿಗೆ ಫೋನು ಮಾಡಿದೆ. ಸುದ್ದಿ ಅವನಿಗೆ ಆಗಲೇ ತಿಳಿದಿತ್ತು. ಬೈಯುತ್ತಾನೆಂದುಕೊಂಡಿದ್ದೆ. "ಅಂವಾನೂ ತೋಪಖಾನೆಯಾಂವನ, ಗೊತ್ತೇನು ನಿನಗ?" ಎಂದ. ಗೊತ್ತಿರಲಿಲ್ಲ. 1964ರಲ್ಲಿ ಫಿರಂಗಿ ದಳದ ಅಧಿಕಾರಿಯಾಗಿಯೇ ಸೇವೆಗೆ ಸೇರಿದ ಮುಷರಫ್, ಮರುವರ್ಷದ ಯುದ್ಧದಲ್ಲಿ ಖೇಮ್‌ಕರಣ್ ಕಡೆ ಹೋರಾಡಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದ ಅಣ್ಣ, 2003ರ ನವೆಂಬರ್ 26ರ ಮಾತು ತೆಗೆದ. ಆಗ ಅವನು ಪೂಂಛ್‌ನಲ್ಲಿದ್ದ. ವರ್ಷಗಳಿಂದ ನಿತ್ಯ ಶೆಲ್ ಬೀಳುತ್ತಿದ್ದ ಗಡಿ ನಿಯಂತ್ರಣ ರೇಖೆಯಲ್ಲಿ ಅಂದು ಮುಷರಫ್ ಮತ್ತು ವಾಜಪೇಯಿ ಸರ್ಕಾರಗಳ ನಡುವಿನ ಕದನವಿರಾಮ ಜಾರಿಗೆ ಬಂತು. "ಅವತ್ತ ರಾತ್ರಿ ನಿದ್ದೀನ ಬರ್ಲಿಲ್ಲ. ಸಪ್ಪಳ ಇಲ್ಲಂದ್ರ ಹೆದರಿಕಿ ಬರತಿತ್ತು. ಎರಡನೇ ಕಿವಿನೂ ಹೋತೇನೋ ಅಂತ ಬೆಳ್ಳ ಇಟ್ಟ ನೋಡಿಕೊಂಡೆ" ಎಂದ.

ಇಪ್ಪತ್ತು ವರ್ಷಗಳಲ್ಲಿ ಅವನು ಈ ಮಾತನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವನ ಕಿವಿ ಹೋದದ್ದಕ್ಕೂ ಆ ಮೊದಲ ನಿಶ್ಶಬ್ದ ರಾತ್ರಿಗೂ ಅದೇ ಒಬ್ಬ ಮನುಷ್ಯನ ಕೈ ತಗುಲಿತ್ತು. ಆದರೂ ಕ್ಷಮಿಸುವ ಮನಸ್ಸು ನನಗೆ ಬರಲಿಲ್ಲ, ಕ್ಷಮಿಸುವ ಅಧಿಕಾರವೂ ನನ್ನದಲ್ಲ. ಅಣ್ಣ ಆ ವಿಷಯವನ್ನೇ ಎತ್ತಲಿಲ್ಲ. "ಮಣ್ಣು ಎಲ್ಲೆ?" ಎಂದಷ್ಟೇ ಕೇಳಿದ. ಕರಾಚಿಯಲ್ಲಿರಬಹುದು ಎಂದೆ.

ಎರಡು ದಿನಗಳ ನಂತರ, ಫೆಬ್ರವರಿ 7ರಂದು, ಕರಾಚಿಯ ಸೇನಾ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಸೇನೆಯ ಹಿರಿಯರು ಬಂದಿದ್ದರು. ದೇಶದ ಅಧ್ಯಕ್ಷರೂ ಪ್ರಧಾನಿಯೂ ಬರಲಿಲ್ಲ. ಭಾಯ್ ಸಾಹೇಬರು ಕಚೇರಿಯ ಊಟದ ಬಿಡುವಿನಲ್ಲಿ ಆ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿ, ಮಾತಿಲ್ಲದೆ ಡಬ್ಬಿ ತೆರೆದರು.

2024ರ ಜನವರಿ 10ರಂದು ಪಾಕಿಸ್ತಾನದ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. 2007ರ ತುರ್ತು ಪರಿಸ್ಥಿತಿಗಾಗಿ ವಿಶೇಷ ನ್ಯಾಯಾಲಯವೊಂದು 2019ರಲ್ಲಿ ಮುಷರಫ್ ಅವರಿಗೆ ವಿಧಿಸಿದ್ದ, ಮರುತಿಂಗಳೇ ಲಾಹೋರ್ ಹೈಕೋರ್ಟಿನ ತೀರ್ಪಿನಿಂದ ಬಲ ಕಳೆದುಕೊಂಡಿದ್ದ ಮರಣದಂಡನೆ ಸರಿಯಾದದ್ದೆಂದು, ಅವರು ಸತ್ತು ಹನ್ನೊಂದು ತಿಂಗಳ ಬಳಿಕ, ಅದು ಎತ್ತಿಹಿಡಿಯಿತು. ಸುದ್ದಿಯನ್ನು ಓದಿ ಹೇಳಿದವರು ಭಾಯ್ ಸಾಹೇಬರೇ. "ಆಗಬೇಕಾದದ್ದೇ" ಎಂದರು, ಒಂದಷ್ಟು ಹೊತ್ತಾದ ಮೇಲೆ, "ತಡವಾಯಿತು" ಎಂದರು.

ಪರೋಟದ ಹುಡುಗ ಆ ಸಮಯದಲ್ಲಿ ರಜೆಯ ಮೇಲೆ ಊರಿಗೆ ಹೋಗಿದ್ದ. ಜನವರಿಯಲ್ಲಿ ಚಿತ್ರಾಲಕ್ಕೆ ರಸ್ತೆಯಲ್ಲಿ ಹೋಗುವುದೆಂದರೆ ಅವನ ತಂದೆಯ ಕಾಲದಲ್ಲಿ ಊಹಿಸಲೂ ಆಗದ ಮಾತು. ದಾರಿಯಲ್ಲಿ ಅವನೊಂದು ಫೋಟೊ ಕಳುಹಿಸಿದ: ಸಾಲಾಗಿ ನಿಂತ ಬಣ್ಣಬಣ್ಣದ ಟ್ರಕ್ಕುಗಳು, ಅವುಗಳಾಚೆ ಬೆಟ್ಟದ ಬುಡದಲ್ಲಿ ಕಮಾನಿನಾಕಾರದ ಕಪ್ಪು ಬಾಯಿ, ಮುಂದೆ ಹೆಗಲಿಗೆ ಚೀಲ ಹಾಕಿಕೊಂಡು ನಿಂತ ಅವನು. ಕೆಳಗೆ ಉರ್ದುವಿನಲ್ಲಿ ಒಂದು ಸಾಲು ಬರೆದಿದ್ದ. ಭಾಯ್ ಸಾಹೇಬರು ಅದನ್ನು ನನಗೆ ಓದಿ ಹೇಳಿದರು: "ಕತ್ತಲಾಗುವುದರೊಳಗೆ ಮನೆ ಸೇರುತ್ತೇನೆ."