ಬೆಳ್ಳೂರು ಕ್ರಾಸ್‌ಗೆ ಮುಂಚಿನ ಹತ್ತು ನಿಮಿಷ

ಹೋದ ಕಾರ್ತಿಕದಲ್ಲಿ ಹದಿನಾಲ್ಕು ತಿಂಗಳ ಮಗನನ್ನೂ ಅಮ್ಮನನ್ನೂ ಕೂರಿಸಿಕೊಂಡು, ನಾನೇ ಕಾರು ಓಡಿಸುತ್ತ ಬೆಂಗಳೂರಿನಿಂದ ಹಾಸನಕ್ಕೆ ಹೊರಟಿದ್ದೆ. ಮಗುವಿನ ಸೀಟನ್ನು ಹಿಂಬದಿಯಲ್ಲಿ, ಮಕ್ಕಳ ಸೀಟು ಸಿಕ್ಕಿಸಲೆಂದೇ ಕಾರಿನಲ್ಲಿ ಇರುವ ಐಸೋಫಿಕ್ಸ್ ಕೊಂಡಿಗಳಿಗೆ ಸಿಕ್ಕಿಸಿ, ಮಗುವಿನ ಮುಖ ಕಾರಿನ ಹಿಂದಿನ ಗಾಜಿನ ಕಡೆಗೆ ಇರುವಂತೆ ಕೂರಿಸಿದ್ದೆ. ಆ ವಯಸ್ಸಿನಲ್ಲಿ ದೇಹದ ಅಳತೆಗೆ ತಲೆ ದೊಡ್ಡದು, ಕತ್ತು ಎಳೆಯದು. ಹಾಗೆ ಕೂರಿಸಿದರೆ ಎದುರಿನಿಂದ ಬೀಳುವ ಪೆಟ್ಟನ್ನು ಕತ್ತೊಂದೇ ತಡೆಯಬೇಕಾಗದೆ, ಸೀಟಿನ ಒರಗು ತಲೆಯನ್ನೂ ಬೆನ್ನನ್ನೂ ಒಟ್ಟಿಗೇ ಹಿಡಿದುಕೊಳ್ಳುತ್ತದೆ. ಮುಂದೆ ನನ್ನ ಪಕ್ಕದಲ್ಲಿ ಇಡಬಹುದಲ್ಲ ಎಂದು ಅಮ್ಮ ಕೇಳಿದರು. ಅಲ್ಲಿ ಏರ್‌ಬ್ಯಾಗ್ ಇದೆ, ಅದು ಉಬ್ಬಿದ ರಭಸಕ್ಕೆ ಮಗುವಿನ ತಲೆಯ ಹಿಂದಿರುವ ಒರಗಿಗೇ ಗುದ್ದುತ್ತದೆ ಎಂದು ವಿವರಿಸಿದೆ.

ಇಷ್ಟೆಲ್ಲ ತಿಳಿದಿದ್ದವಳು ಕುಣಿಗಲ್ ದಾಟಿದ ಮೇಲೆ ಸೋತೆ. ಮಗು ಬಿಕ್ಕಿ ಬಿಕ್ಕಿ ಅಳತೊಡಗಿದಾಗ ಅಮ್ಮ, "ನಿಮ್ಮನ್ನೆಲ್ಲ ನಾನು ತೊಡೆ ಮೇಲೆ ಕೂರಿಸ್ಕೊಂಡೇ ಬೆಳೆಸ್ಲಿಲ್ವೇನೇ? ಹತ್ತು ನಿಮಿಷ ಕೊಡು" ಎಂದರು. ಯಡಿಯೂರಿನ ಬಳಿ ಕಾರು ನಿಲ್ಲಿಸಿ, ಬೆಲ್ಟ್ ಬಿಚ್ಚಿ, ನಾನೇ ನನ್ನ ಕೈಯಾರೆ ಅವನನ್ನು ಅಮ್ಮನ ತೊಡೆಗೆ ಕೊಟ್ಟೆ.

ಬೆಳ್ಳೂರು ಕ್ರಾಸ್ ಇನ್ನೂ ಬಂದಿರಲಿಲ್ಲ. ರಸ್ತೆ ವಿಭಜಕದ ಸಂದಿಯಿಂದ ಒಂದು ಸ್ಕೂಟರ್ ಅಡ್ಡ ಬಂತು. ಪೂರ್ತಿ ಬ್ರೇಕ್ ಒತ್ತಿದೆ. ಕಾರು ಯಾವುದಕ್ಕೂ ತಾಗಲಿಲ್ಲ. ಆದರೆ ಅದೇ ಗಳಿಗೆಯಲ್ಲಿ ಅಮ್ಮ ನೀರಿನ ಬಾಟಲಿಯ ಮುಚ್ಚಳ ತೆರೆಯುತ್ತಿದ್ದರು. ಮಗು ಅವರ ತೊಡೆಯಿಂದ ಜಾರಿ ಮುಂದಿನ ಸೀಟಿನ ಬೆನ್ನಿಗೆ ಬಡಿದು ಕಾಲ ಬಳಿ ಬಿದ್ದಿತು. ತುಟಿ ಒಡೆದು ರಕ್ತ ಬಂತು, ಅಷ್ಟಕ್ಕೇ ಮುಗಿಯಿತು.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡವೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಆ ರಾತ್ರಿ ಹಾಸನದ ಮನೆಯಲ್ಲಿ ನಿದ್ದೆ ಬಾರದೆ ನಾನು ಹಾಕಿದ ಲೆಕ್ಕ ಬೇರೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ, 9 ಕಿಲೋ ತೂಗುವ ನನ್ನ ಮಗುವನ್ನು ಹಿಡಿದಿಡಲು ಸುಮಾರು 180 ಕಿಲೋ ಭಾರ ತಡೆಯುವಷ್ಟು ಬಲ ಬೇಕು. ಅಂದರೆ ಮೂರೂವರೆ ಮೂಟೆ ಅಕ್ಕಿ. ಬಾಟಲಿ ಕೆಳಗಿಟ್ಟು ಎರಡೂ ಕೈಯಲ್ಲಿ ತಬ್ಬಿದ್ದರೂ ಅಮ್ಮನಿಂದ ಅದು ಆಗುತ್ತಿರಲಿಲ್ಲ, ನನ್ನಿಂದಲೂ ಆಗುತ್ತಿರಲಿಲ್ಲ.

ಅವನು ಬಿದ್ದೊಡನೆ ರಸ್ತೆ ಬದಿಯಲ್ಲಿ ರಕ್ತ ಒರೆಸಿ, ಮತ್ತೆ ಅವನ ಸೀಟಿನಲ್ಲಿ ಕೂರಿಸುವ ಮೊದಲು ದಪ್ಪ ಸ್ವೆಟರ್ ಬಿಚ್ಚಿದ್ದೆ. ಅದರ ಮೇಲೆ ಕಟ್ಟಿದ ಬೆಲ್ಟ್ ಬಿಗಿಯಾದಂತೆ ಕಂಡರೂ ಒಳಗೆ ಸಡಿಲವೇ ಇರುತ್ತದೆ. ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಲು ಬಾರದಷ್ಟು ಎಳೆದು ಬಿಗಿದೆ. ಅಮ್ಮ ಏನೂ ಹೇಳಲಿಲ್ಲ. ಸ್ವೆಟರನ್ನು ಅವನ ಕಾಲ ಮೇಲೆ ಹೊದಿಸಿ, ಪಕ್ಕದಲ್ಲಿ ಕೂತು ತಮ್ಮ ಬೆಲ್ಟನ್ನೂ ಹಾಕಿಕೊಂಡು, ಅವನಿಗೆ ಹಿಡಿಯಲು ತೋರುಬೆರಳು ಕೊಟ್ಟರು. ಹಿರೀಸಾವೆಯವರೆಗೂ ಅವನು ಅಳುತ್ತಲೇ ಇದ್ದ. ಚನ್ನರಾಯಪಟ್ಟಣ ಬರುವ ಹೊತ್ತಿಗೆ ಆ ಬೆರಳು ಹಿಡಿದೇ ನಿದ್ದೆ ಹೋಗಿದ್ದ.