ಬಣ್ಣ ಹಚ್ಚಿದ ನಕ್ಷೆ ಹಿಡಿದು

14 ಜೂನ್ 2025, ಶನಿವಾರ
ಲಂಡನ್

ಮಾರ್ಗದರ್ಶಿಯ ಹಿಂದೆ ಗುಂಪಿನಲ್ಲಿ ನಡೆಯುವುದು ನನಗೆ ಒಗ್ಗದು. ಪೂರ್ವ ಲಂಡನ್ನಿನಲ್ಲಂತೂ ಸಂಜೆಯಾದರೆ ಗುಂಪುಗಳಿಗೆಲ್ಲ ಸರಣಿ ಕೊಲೆಗಾರ ಜಾಕ್ ದಿ ರಿಪ್ಪರ್‌ನೇ ಬೇಕು. ಅವನು ಕೊಂದ ಹೆಂಗಸರು ಹೇಗೆ ಬದುಕಿದ್ದರು ಎಂಬುದನ್ನು ಕೇಳುವವರು ಕಡಿಮೆ. ಸಮಾಜ ಸಮೀಕ್ಷಕ ಚಾರ್ಲ್ಸ್ ಬೂತ್‌ನ ಬಡತನದ ನಕ್ಷೆಯನ್ನು ಮೊಬೈಲ್‌ನಲ್ಲಿ ತೆರೆದುಕೊಂಡು ಒಬ್ಬನೇ ಹೊರಟೆ.

19ನೇ ಶತಮಾನದ ಕೊನೆಯಲ್ಲಿ ಬೂತ್ ಈ ನಕ್ಷೆಯಲ್ಲಿ ಬೀದಿ ಬೀದಿಗೂ ಬಣ್ಣ ಹಚ್ಚಿಸಿದ. ಸಿರಿವಂತರಿಗೆ ಹಳದಿ, ಕಡುಬಡವರಿಗೆ ಕಡುನೀಲಿ, ಎಲ್ಲರಿಗಿಂತ ಕೆಳಗಿನವರಿಗೆ ಕಪ್ಪು. ಕಪ್ಪಿಗೆ ಕೊಟ್ಟ ವಿವರಣೆಯಲ್ಲಿ ‘ದುಷ್ಟರು, ಅರೆ ಅಪರಾಧಿಗಳು’ ಎಂದೇ ಇದೆ! ನಕ್ಷೆಯನ್ನು ಪರಿಷ್ಕರಿಸುವಾಗ ಅವನ ಸಹಾಯಕರು ಗಸ್ತಿನ ಪೊಲೀಸರ ಜೊತೆ ನಡೆದು ಟಿಪ್ಪಣಿ ಮಾಡಿಕೊಂಡಿದ್ದರು. ಬೀದಿಯ ಗುಣವನ್ನು ಪೊಲೀಸರಿಂದ ಕೇಳಿ ತಿಳಿದರೆ ಅಲ್ಲಿನವರಿಗೆ ಇನ್ನೆಂಥ ಹೆಸರು ಸಿಕ್ಕೀತು?

ಬ್ರೂನ್ ಬೀದಿಯಲ್ಲಿ ಬಹಳ ಹೊತ್ತು ನಿಂತೆ. ‘ಬಡ ಯಹೂದಿಗಳ ಗಂಜಿ ಕೇಂದ್ರ’ ಎಂಬರ್ಥದ ದೊಡ್ಡ ಅಕ್ಷರಗಳು ಕಟ್ಟಡದ ಮುಖದ ಮೇಲಿವೆ. ಜೊತೆಗೆ 1902 ಎಂಬ ಇಸವಿ, ಯಹೂದಿ ಪಂಚಾಂಗದ 5662, ನಡುವೆ ಗಂಜಿ ಪಾತ್ರೆಯ ಕೆತ್ತನೆ. ಒಳಹೋಗಲು ಒಂದು ಬಾಗಿಲು, ಹೊರಬರಲು ಇನ್ನೊಂದು. ಎರಡರ ಮೇಲೂ ಹಾಗೆಂದು ಬರೆದಿದೆ. ಸಾಲು ಎಷ್ಟು ಉದ್ದವಿರುತ್ತಿತ್ತು ಎಂಬುದನ್ನು ಈ ಬಾಗಿಲುಗಳಿಂದಲೇ ಊಹಿಸಬಹುದು. ಹಸಿದವರು ‘ಬಡವರು’ ಎಂಬ ಆ ಅಕ್ಷರಗಳ ಕೆಳಗೇ ಹಾದುಹೋಗಬೇಕಿತ್ತು. ಕಟ್ಟಿಸಿದವರ ಔದಾರ್ಯ ದೊಡ್ಡದು, ನಿಜ; ಫಲಕವನ್ನು ಇಷ್ಟು ದೊಡ್ಡದು ಮಾಡಬೇಕಿರಲಿಲ್ಲ. ಈಗ ಒಳಗಿರುವುದು ಫ್ಲಾಟುಗಳು.

ಬ್ರಿಕ್ ಲೇನಿನ ಮಸೀದಿಯ ಕತೆ ಎಲ್ಲರೂ ಹೇಳುವಂಥದ್ದು: 1743ರಲ್ಲಿ ಫ್ರೆಂಚ್ ಪ್ರಾಟೆಸ್ಟೆಂಟ್ ನಿರಾಶ್ರಿತರ ಪ್ರಾರ್ಥನಾ ಮಂದಿರ, ಮುಂದೆ ಮೆಥಡಿಸ್ಟ್ ಪಂಥದ ಕ್ರೈಸ್ತರದ್ದು, 1898ರಿಂದ ಯಹೂದಿಗಳ ಸಿನಗಾಗ್, 1976ರಿಂದ ಮಸೀದಿ. ಒಬ್ಬರು ಬಿಟ್ಟುಹೋದ ಮೇಲೆ ಇನ್ನೊಬ್ಬರು ಬಂದರು ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಅಷ್ಟು ಸಲೀಸಾಗಿರಲಿಲ್ಲ ಎನ್ನಲು ವೈಟ್‌ಚಾಪೆಲ್‌ನ ಉದ್ಯಾನದವರೆಗೆ ನಡೆದರೆ ಸಾಕು. ಬಟ್ಟೆ ಹೊಲಿಯುವ ಕೆಲಸದಲ್ಲಿದ್ದ ಬಂಗಾಳಿ ಯುವಕ ಅಲ್ತಾಬ್ ಅಲಿಯನ್ನು 1978ರ ಮೇ 4ರಂದು ಜನಾಂಗದ್ವೇಷದಿಂದ ಅದರ ಪಕ್ಕದಲ್ಲೇ ಕೊಂದರು. ಹತ್ತು ದಿನಗಳ ನಂತರ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸವಿರುವ ಡೌನಿಂಗ್ ಬೀದಿಯವರೆಗೆ ನಡೆದರು. ಉದ್ಯಾನಕ್ಕೆ ಅವನ ಹೆಸರು ಬಂದದ್ದು 1998ರಲ್ಲಿ.

ಕೇಬಲ್ ಬೀದಿ ಇನ್ನೊಂದು ದಿನಕ್ಕೆ. 1936ರ ಅಕ್ಟೋಬರ್ 4ರಂದು ಬ್ರಿಟಿಷ್ ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿಯ ಬೆಂಬಲಿಗರ ಮೆರವಣಿಗೆಯನ್ನು ಜನ ತಡೆದ ಜಾಗ ಅದು. ಅಲ್ಲಿನ ಗೋಡೆಚಿತ್ರ ನೋಡುವ ಮೊದಲು ಬೂತ್‌ನ ಕಡೆಯವರು ಆ ಸುತ್ತಿನ ಬಗ್ಗೆ ಏನು ಬರೆದುಕೊಂಡಿದ್ದರು ಎಂದು ಓದಿಕೊಳ್ಳಬೇಕು.